ತಾರ್ವಾದ ಮರದ ಸೇತುವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್‌ಬೆರಾ ನೋಡಲು ಬಂದ ಬಂಧುಗಳನ್ನೂ ಸ್ನೇಹಿತರನ್ನೂ ತಾರ್ವಾಕ್ಕೆ ಕರೆದೊಯ್ದಾಗಲೆಲ್ಲ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೆಲವಕ್ಕೆ ಒಂದು ಸಾಲಿನ ಉತ್ತರ ಸಾಕು. ಇನ್ನು ಕೆಲವಕ್ಕೆ ಸೇತುವೆಯ ಕೆಳಗೆ ಇಳಿದು, ತೊಲೆಗಳನ್ನು ಬೆರಳಿನಿಂದ ತೋರಿಸುತ್ತಾ ಹೇಳಬೇಕಾಗುತ್ತದೆ. ಅವುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಈ ಸೇತುವೆ ಎಲ್ಲಿದೆ? ಎಷ್ಟು ಹಳೆಯದು?

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ನಡುಭಾಗದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ತಾರ್ವಾ ಎಂಬ ಪುಟ್ಟ ಹಳ್ಳಿಯಿದೆ. ಟೆನೆಂಟ್ ಬೆಟ್ಟದ ಬುಡದಲ್ಲಿ, ಮರಂಬಿಜಿ ನದಿಯ ದಡದಲ್ಲಿ ಬೆರಳೆಣಿಕೆಯ ಮನೆಗಳು. ಆ ನದಿಗೆ ಅಡ್ಡಲಾಗಿ, ಟ್ರಸ್ ಎಂಬ ಮರದ ಚೌಕಟ್ಟುಗಳ ಬಲದಲ್ಲಿ ನಿಂತಿರುವುದೇ ತಾರ್ವಾ ಸೇತುವೆ. 1895ರ ಮಾರ್ಚ್‌ನಲ್ಲಿ ಅದು ಸಂಚಾರಕ್ಕೆ ತೆರೆಯಿತು.

ಆಗ ಕ್ಯಾನ್‌ಬೆರಾ ಎಂಬ ನಗರವೇ ಇರಲಿಲ್ಲ. ಆಸ್ಟ್ರೇಲಿಯಾ ಒಕ್ಕೂಟವಾದದ್ದು 1901ರಲ್ಲಿ, ರಾಜಧಾನಿ ಪ್ರದೇಶವನ್ನು ನ್ಯೂ ಸೌತ್ ವೇಲ್ಸ್‌ನಿಂದ ಬೇರ್ಪಡಿಸಿದ್ದು 1911ರಲ್ಲಿ. ರಾಜಧಾನಿಗಿಂತ, ದೇಶದ ಒಕ್ಕೂಟಕ್ಕಿಂತ ಹಿರಿಯದಾದ ಈ ಸೇತುವೆಯ ಮೇಲೆ ಇಂದಿಗೂ ಕಾರುಗಳು ಓಡಾಡುತ್ತವೆ. ರಾಜಧಾನಿ ಪ್ರದೇಶದಲ್ಲಿ ಉಳಿದಿರುವ ಸೇತುವೆಗಳಲ್ಲಿ ಇದೇ ಅತ್ಯಂತ ಹಳೆಯದು.

ಸೇತುವೆ ಬರುವ ಮೊದಲು ಜನ ನದಿಯನ್ನು ಹೇಗೆ ದಾಟುತ್ತಿದ್ದರು?

ನೀರು ಕಡಿಮೆಯಿರುವ ಕಡೆ ಇಳಿದು ದಾಟುತ್ತಿದ್ದರು. ನೀರು ಏರಿದರೆ ಕಾಯುತ್ತಿದ್ದರು. ಮರಂಬಿಜಿ ಸುಮಾರು 1,500 ಕಿಲೋಮೀಟರ್ ಹರಿಯುವ ನದಿ. ಬೇಸಿಗೆಯಲ್ಲಿ ಮರಳಿನ ನಡುವೆ ಸಣ್ಣ ಧಾರೆಯಾಗಿ ಸಾಗುವುದು ಮೇಲಿನ ಬೆಟ್ಟಗಳಲ್ಲಿ ಮಳೆ ಸುರಿದರೆ ಗುರುತೇ ಸಿಗದಂತೆ ಬದಲಾಗುತ್ತದೆ. ಆಚೆ ದಡದ ಕುರಿ ಸಾಕಣೆದಾರರ ಉಣ್ಣೆಯ ಬಂಡಿಗಳಿಗೂ, ವೈದ್ಯರನ್ನು ಕರೆತರಲು ಹೊರಟವರಿಗೂ ನದಿಯ ಮರ್ಜಿಯೇ ಅಂತಿಮವಾಗಿತ್ತು.

ಟ್ರಸ್ ಎಂದರೇನು? ಉದ್ದನೆಯ ದಿಮ್ಮಿಗಳನ್ನು ಹಾಸಿದರೆ ಸಾಲದೇ?

ಹತ್ತು ಮೀಟರ್‌ವರೆಗೆ ಸಾಲಬಹುದು. ಅದಕ್ಕಿಂತ ಉದ್ದವಾದರೆ ದಿಮ್ಮಿ ತನ್ನ ಭಾರಕ್ಕೇ ಬಾಗತೊಡಗುತ್ತದೆ. ಪ್ರವಾಹದಲ್ಲಿ ತೇಲಿಬರುವ ಮರಗಳು ಸಿಕ್ಕಿಕೊಳ್ಳದಂತೆ ನದಿಯ ನಡುವೆ ಕಂಬಗಳನ್ನು ದೂರದೂರ ಇಡಬೇಕು. ಹಾಗಾಗಿ ಒಂದೊಂದು ಅಂಕಣವೂ, ಅಂದರೆ ಎರಡು ಕಂಬಗಳ ನಡುವಿನ ಭಾಗವೂ, ಉದ್ದವಾಗಲೇಬೇಕು. ತಾರ್ವಾದಲ್ಲಿ ಅಂತಹ ನಾಲ್ಕು ಟ್ರಸ್ ಅಂಕಣಗಳಿವೆ. ಒಂದೊಂದರ ಉದ್ದ 90 ಅಡಿ, ಅಂದರೆ ಸುಮಾರು 27 ಮೀಟರ್.

ನಾಲ್ಕು ಕೋಲುಗಳನ್ನು ಮೂಲೆಯಲ್ಲಿ ಒಂದೊಂದೇ ಮೊಳೆ ಹೊಡೆದು ಚೌಕ ಮಾಡಿ, ಪಕ್ಕದಿಂದ ತಳ್ಳಿ ನೋಡಿ. ಅದು ವಾಲುತ್ತದೆ. ಮೂರು ಕೋಲುಗಳ ತ್ರಿಕೋನವನ್ನು ತಳ್ಳಿದರೆ ಜಗ್ಗುವುದಿಲ್ಲ. ಕೋಲು ಮುರಿಯಬೇಕೇ ಹೊರತು ಆಕಾರ ಬದಲಾಗದು. ಟ್ರಸ್ ಎಂದರೆ ಇಂತಹ ತ್ರಿಕೋನಗಳ ಸಾಲು.

ತಾರ್ವಾದಲ್ಲಿ ಭಾರ ಸಾಗುವ ದಾರಿಯನ್ನು ಕಣ್ಣಿನಿಂದಲೇ ಹಿಂಬಾಲಿಸಬಹುದು. ಬಂಡಿಯ ಭಾರ ಮೊದಲು ಹಲಗೆಗಳ ಮೇಲೆ ಬೀಳುತ್ತದೆ. ಹಲಗೆಗಳಿಂದ ಅಡ್ಡತೊಲೆಗಳಿಗೆ ಹೋಗುತ್ತದೆ. ಅಲ್ಲಿಂದ ನೆಟ್ಟಗೆ ನಿಂತ ಲೋಹದ ಸರಳುಗಳು ಅದನ್ನು ಮೇಲಕ್ಕೆ ಎತ್ತಿಕೊಳ್ಳುತ್ತವೆ. ಮೇಲಿನಿಂದ ಓರೆತೊಲೆಗಳು ಅದನ್ನು ಮತ್ತೆ ಕೆಳಕ್ಕೆ, ಒಂದು ಹೆಜ್ಜೆ ಕಂಬದ ಕಡೆಗೆ ನೂಕುತ್ತವೆ. ಹೀಗೆ ಏರಿ ಇಳಿದು ಏರಿ ಇಳಿದು ಭಾರ ಕಂಬವನ್ನು ಸೇರುತ್ತದೆ. ಓರೆತೊಲೆಗಳೂ ಮೇಲ್ತೊಲೆಯೂ ಅಮುಕಿಸಿಕೊಳ್ಳುತ್ತವೆ, ಸರಳುಗಳೂ ಕೆಳತೊಲೆಯೂ ಎಳೆಸಿಕೊಳ್ಳುತ್ತವೆ. ಕೆಳತೊಲೆ ಇಲ್ಲದಿದ್ದರೆ ಟ್ರಸ್‌ನ ಎರಡು ತುದಿಗಳು ದೂರ ಸರಿದು ಇಡೀ ಚೌಕಟ್ಟು ಚಪ್ಪಟೆಯಾಗಿಬಿಡುತ್ತಿತ್ತು.

1895ರಲ್ಲಿ ಕಬ್ಬಿಣ, ಉಕ್ಕು ಸಿಗುತ್ತಿದ್ದವಲ್ಲ, ಮರವನ್ನೇ ಯಾಕೆ ಬಳಸಿದರು?

ಕಬ್ಬಿಣ ಹಡಗಿನಲ್ಲಿ ಬ್ರಿಟನ್ನಿನಿಂದ ಬರಬೇಕಿತ್ತು, ತುಂಬ ದುಬಾರಿ. ಗಟ್ಟಿಮರ ಪಕ್ಕದ ಕಾಡಿನಲ್ಲೇ ಇತ್ತು, ಅದನ್ನು ಕಡಿದು ಚೌಕ ಮಾಡಬಲ್ಲ ಕೈಗಳೂ ಇದ್ದವು. 1890ರ ದಶಕದಲ್ಲಿ ಆಸ್ಟ್ರೇಲಿಯಾದ ವಸಾಹತುಗಳು ತೀವ್ರ ಆರ್ಥಿಕ ಕುಸಿತದಲ್ಲಿದ್ದವು. ಒಂದು ಕಬ್ಬಿಣದ ಸೇತುವೆಯ ಹಣದಲ್ಲಿ ಹಲವು ಮರದ ಸೇತುವೆಗಳನ್ನು ಕಟ್ಟಬಹುದಿತ್ತು. ಹಾಗೆಯೇ ಕಟ್ಟಿದರು. 19ನೆಯ ಶತಮಾನದ ನಡುಭಾಗದಿಂದ 1936ರವರೆಗೆ ನ್ಯೂ ಸೌತ್ ವೇಲ್ಸ್‌ನಲ್ಲಿ 400ಕ್ಕೂ ಹೆಚ್ಚು ಮರದ ಟ್ರಸ್ ಸೇತುವೆಗಳು ನಿರ್ಮಾಣವಾದವು.

ಬಳಸಿದ್ದು ಯಾವ ಮರ?

ಐರನ್‌ಬಾರ್ಕ್. ಇದು ನೀಲಗಿರಿಯ ಜಾತಿಗೆ ಸೇರಿದ ಮರವೆಂದರೆ ಬಹಳ ಮಂದಿ ನಂಬುವುದಿಲ್ಲ. ನೀಲಗಿರಿ ಎಂದರೆ ಎಣ್ಣೆ, ಸೌದೆ, ಕಾಗದದ ತಿರುಳು ಎಂದಷ್ಟೇ ತಿಳಿದವರು ಒಮ್ಮೆ ಐರನ್‌ಬಾರ್ಕ್ ತುಂಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಒಣಗಿದ ಮೇಲೂ ಒಂದು ಘನ ಮೀಟರ್‌ಗೆ ಸುಮಾರು 1,100 ಕಿಲೋಗ್ರಾಂ ತೂಗುತ್ತದೆ. ನೀರಿಗಿಂತ ಭಾರ, ಹಾಕಿದರೆ ಮುಳುಗುತ್ತದೆ. ಮೊಳೆ ಹೊಡೆಯಲು ಮೊದಲೇ ರಂಧ್ರ ಕೊರೆಯಬೇಕು. ಗೆದ್ದಲಿಗೂ ಕೊಳೆತಕ್ಕೂ ತುಂಬ ಕಾಲ ಬಗ್ಗುವುದಿಲ್ಲ.

ಈ ಮರ ಗಟ್ಟಿ ಎಂಬುದು ಬಡಗಿಗಳಿಗೆ ಮೊದಲೇ ತಿಳಿದಿತ್ತು. ಎಷ್ಟು ಗಟ್ಟಿ ಎಂಬುದನ್ನು ಅಳೆದು ಅಂಕಿಗಳಲ್ಲಿ ಕೊಟ್ಟವರು ಸಿಡ್ನಿ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ವಿಲಿಯಂ ಹೆನ್ರಿ ವಾರೆನ್. ಅಲ್ಲಿನ ಮರಗಳನ್ನು ಯಂತ್ರದಲ್ಲಿ ಹಿಂಡಿ, ಎಳೆದು, ಮುರಿದು ಅವರು ನಡೆಸಿದ ಪರೀಕ್ಷೆಗಳು ಸೇತುವೆ ವಿನ್ಯಾಸಕಾರರಿಗೆ ಧೈರ್ಯ ಕೊಟ್ಟವು. ಅಳತೆ ಸಿಕ್ಕಿದ ಮೇಲೆ ಅನಗತ್ಯ ಮರ ತುಂಬುವ ಅಗತ್ಯ ಉಳಿಯಲಿಲ್ಲ.

ಪರ್ಸಿ ಅಲನ್ ಯಾರು? ಅವರ ಟ್ರಸ್‌ನಲ್ಲಿ ಅಂತಹ ವಿಶೇಷ ಏನಿದೆ?

ತಾರ್ವಾ ಸೇತುವೆಯನ್ನು ವಿನ್ಯಾಸಗೊಳಿಸಿದ ಪರ್ಸಿ ಅಲನ್ (1861–1930) ನ್ಯೂ ಸೌತ್ ವೇಲ್ಸ್‌ನ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್. ತಮ್ಮ ಜೀವಿತದಲ್ಲಿ 500ಕ್ಕೂ ಹೆಚ್ಚು ಸೇತುವೆಗಳನ್ನು ವಿನ್ಯಾಸಗೊಳಿಸಿದವರು. ನೀವು ಸಿಡ್ನಿಯ ಡಾರ್ಲಿಂಗ್ ಹಾರ್ಬರ್‌ಗೆ ಹೋಗಿದ್ದರೆ ಅವರ ಇನ್ನೊಂದು ಕೆಲಸದ ಮೇಲೆ ನಡೆದಿದ್ದೀರಿ. 1902ರಲ್ಲಿ ತೆರೆದ ಪಿರ್ಮಾಂಟ್ ಸೇತುವೆ ಅವರದೇ. ಹಡಗುಗಳಿಗೆ ದಾರಿ ಬಿಡಲು ವಿದ್ಯುತ್ತಿನಿಂದ ತಿರುಗುವ ಅದರ ನಡು ಅಂಕಣವನ್ನು ಎಲ್ಲರೂ ನೋಡುತ್ತಾರೆ. ಅದರ ಎರಡೂ ಬದಿಯ ಅಂಕಣಗಳನ್ನು ಹೊತ್ತಿರುವುದು ಮರದ ಟ್ರಸ್‌ಗಳು ಎಂಬುದನ್ನು ಗಮನಿಸುವವರು ಕಡಿಮೆ.

ಅವರ ಟ್ರಸ್‌ನ ವಿಶೇಷ ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವಾಳ. ಅವರಿಗಿಂತ ಹಿಂದಿನ ಸೇತುವೆಗಳಲ್ಲಿ ದಪ್ಪ ತೊಲೆಗಳನ್ನು ಒಂದಕ್ಕೊಂದು ಬಿಗಿಯಾಗಿ ಕೂಡಿಸುತ್ತಿದ್ದರು. ಒಂದು ತೊಲೆ ಕೆಟ್ಟರೆ ಅದನ್ನು ತೆಗೆಯಲು ಇಡೀ ಅಂಕಣಕ್ಕೆ ನದಿಯ ತಳದಿಂದ ಆಧಾರ ಕೊಡಬೇಕಾಗುತ್ತಿತ್ತು. ಅದಕ್ಕೆ ದೊಡ್ಡ ಖರ್ಚು, ಹಾಗಾಗಿ ಕೆಲಸ ಮುಂದಕ್ಕೆ ಹೋಗುತ್ತಿತ್ತು. ಮುಂದಕ್ಕೆ ಹೋದಷ್ಟೂ ಕೊಳೆತ ಹರಡುತ್ತಿತ್ತು.

ಅಲನ್ ಒಂದು ದಪ್ಪ ತೊಲೆಯ ಬದಲು ಜೋಡಿ ತೊಲೆಗಳನ್ನು ಇಟ್ಟರು. ನಡುವೆ ತೆರವು ಬಿಟ್ಟರು. ಕೂಡುವ ಕಡೆಗಳಲ್ಲಿ ತೊಲೆಯ ತುದಿ ಊರಿಕೊಳ್ಳುವಂತೆ ಎರಕದ ಕಬ್ಬಿಣದ ಪಾದುಕೆಗಳನ್ನು ಕೂರಿಸಿದರು. ಜೋಡಿಯಲ್ಲಿ ಒಂದು ಹಾಳಾದರೆ ಇನ್ನೊಂದು ಭಾರ ಹೊತ್ತು ನಿಂತಿರುವಾಗಲೇ ಹಾಳಾದದ್ದನ್ನು ಬಿಚ್ಚಿ ಹೊಸದನ್ನು ಹಾಕಬಹುದು. ನದಿಯಿಂದ ಆಧಾರ ಬೇಕಿಲ್ಲ. ಗಾಳಿ ಆಡುವುದರಿಂದ ಮಳೆಯ ತೇವ ಬೇಗ ಆರುತ್ತದೆ. ಬಣ್ಣದ ಕುಂಚ ಎಲ್ಲ ಕಡೆಗೂ ತಲುಪುತ್ತದೆ. ತೊಲೆಗಳು ಚಿಕ್ಕದಾದ್ದರಿಂದ ಅಂತಹ ಮರ ಹುಡುಕುವುದೂ ಸುಲಭ, ಸಾಗಿಸುವುದೂ ಸುಲಭ.

ಮರ ಎಂದಿಗೂ ಕೆಡಬಾರದು ಎಂದು ಹಟ ಹಿಡಿದು ಕಟ್ಟಿದವರು ಅವರಲ್ಲ. ಮರ ಕೆಟ್ಟೇ ಕೆಡುತ್ತದೆ, ಆಗ ಅದನ್ನು ಬದಲಿಸುವವನ ಕೈಗೆ ಜಾಗ ಇರಲಿ ಎಂದುಕೊಂಡು ಕಟ್ಟಿದರು. ತಾವು ಎಂದೂ ಕಾಣದ ಒಬ್ಬ ಕೆಲಸಗಾರನ ಬಗ್ಗೆ ಎಂಜಿನಿಯರ್ ಒಬ್ಬರು ನಕ್ಷೆಯ ಹಾಳೆಯ ಮೇಲೆಯೇ ಇಷ್ಟು ಯೋಚಿಸಿದ್ದರು ಎಂಬುದು ನನಗೆ ಪ್ರತಿ ಬಾರಿಯೂ ದೊಡ್ಡದಾಗಿ ಕಾಣುತ್ತದೆ.

ಬೇರೆ ಬಗೆಯ ಟ್ರಸ್‌ಗಳೂ ಇದ್ದವೇ?

ಒಟ್ಟು ಐದು ಬಗೆ. 1886ರವರೆಗಿನ ಮೊದಲ ಬಗೆಗೆ ಇಲಾಖೆಯ ಹೆಸರೇ ನಿಂತಿದೆ. ಅದರ ನಂತರ ಜಾನ್ ಮೆಕ್‌ಡೊನಾಲ್ಡ್ ರೂಪಿಸಿದ ಟ್ರಸ್ ಬಂದಿತು, 1893ರಿಂದ ಅಲನ್ ಅವರದು. 1900ರ ಸುಮಾರಿಗೆ ಅರ್ನೆಸ್ಟ್ ಡಿ ಬರ್ಗ್, 1905ರಿಂದ ಹಾರ್ವೆ ಡೇರ್ ತಮ್ಮ ತಮ್ಮ ಟ್ರಸ್‌ಗಳನ್ನು ತಂದರು.

ಈ ಸಾಲಿನಲ್ಲಿ ಕೆಳತೊಲೆಯ ಕಥೆ ಸ್ವಾರಸ್ಯದ್ದು. ಮರವನ್ನು ಅಮುಕಿದರೆ ಅದು ಸುಲಭವಾಗಿ ತಾಳಿಕೊಳ್ಳುತ್ತದೆ. ಎಳೆತವನ್ನೂ ಮರ ತಾಳುತ್ತದೆ, ಆದರೆ ಒಂದು ತೊಲೆಗೆ ಇನ್ನೊಂದನ್ನು ಕೂಡಿಸಿದ ಜಾಗ ತಾಳುವುದಿಲ್ಲ. ಎಳೆದಾಗ ಬೋಲ್ಟಿನ ಸುತ್ತ ಮರ ಸೀಳುತ್ತದೆ. 27 ಮೀಟರ್ ಉದ್ದದ ತೊಲೆ ಒಂದೇ ಮರದಿಂದ ಸಿಗದಾದ್ದರಿಂದ ಕೂಡಿಸದೆ ವಿಧಿಯಿಲ್ಲ. ಆದ್ದರಿಂದಲೇ ಡಿ ಬರ್ಗ್ ಮತ್ತು ಡೇರ್ ಇಬ್ಬರೂ ಕೆಳತೊಲೆಯನ್ನು ಉಕ್ಕಿಗೆ ಒಪ್ಪಿಸಿ, ಉಳಿದದ್ದನ್ನು ಮರದಲ್ಲೇ ಉಳಿಸಿಕೊಂಡರು.

ಅಮೆರಿಕದ ಮರದ ಸೇತುವೆಗಳಿಗೆ ಮನೆಯಂತೆ ಚಾವಣಿ ಇರುತ್ತದೆ. ಇಲ್ಲಿ ಏಕಿಲ್ಲ?

ಅಲ್ಲಿ ಬಳಸಿದ್ದು ಹೆಚ್ಚಾಗಿ ಮೆದು ಮರ. ಬಯಲಿನಲ್ಲಿ ಬಿಟ್ಟರೆ ಬಹಳ ವರ್ಷ ಬಾಳುವುದಿಲ್ಲ. ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ನಡುವಿನ ಕಾರ್ನಿಶ್–ವಿಂಡ್ಸರ್ ಸೇತುವೆ 1866ರಿಂದ ಉಳಿದುಬಂದಿರುವುದರಲ್ಲಿ ಚಾವಣಿಯ ಪಾಲು ದೊಡ್ಡದು. ಐರನ್‌ಬಾರ್ಕ್‌ಗೆ ಅಷ್ಟು ಆರೈಕೆ ಬೇಡ ಎಂದು ಇಲ್ಲಿನವರು ನಂಬಿದರು. ಅನೇಕ ಸೇತುವೆಗಳಲ್ಲಿ ಮೇಲ್ತೊಲೆಯ ನೆತ್ತಿಗೆ ಮಾತ್ರ ಲೋಹದ ತಗಡು ಹೊದಿಸುತ್ತಾರೆ.

ಮರ ಎಲ್ಲಿ ಕೆಡುತ್ತದೆ? ಅದು ಹೇಗೆ ಗೊತ್ತಾಗುತ್ತದೆ?

ಬಿಸಿಲು ಮಳೆಗೆ ತೆರೆದು ನಿಂತ ನಡುಭಾಗದಲ್ಲಿ ಕೆಡುವುದು ಕಡಿಮೆ. ನೀರು ನಿಲ್ಲುವ, ಗಾಳಿ ಆಡದ ಜಾಗಗಳಲ್ಲಿ ಕೊಳೆತ ಶುರುವಾಗುತ್ತದೆ. ತೊಲೆಯ ಕೊಯ್ದ ತುದಿ, ಬೋಲ್ಟಿನ ರಂಧ್ರ, ಹಲಗೆ ಅಡ್ಡತೊಲೆಯ ಮೇಲೆ ಕೂತ ಜಾಗ, ಕಂಬ ಮಣ್ಣಿಗೆ ಇಳಿಯುವ ಮಟ್ಟ, ಇವು ಅಂತಹ ಜಾಗಗಳು. ಮರದ ತುದಿ ಎಂದರೆ ಕೊಳವೆಗಳ ಕಟ್ಟು. ಪಕ್ಕದಿಂದ ಒಳಹೋಗದ ನೀರನ್ನು ತುದಿಯಿಂದ ಹೀರಿಕೊಳ್ಳುತ್ತದೆ. ತೇವ ನಿಂತರೆ ಶಿಲೀಂಧ್ರ ಬರುತ್ತದೆ, ಮೆತ್ತಗಾದ ಮರಕ್ಕೆ ಗೆದ್ದಲು ನುಗ್ಗುತ್ತದೆ.

ಮೋಸವೇನೆಂದರೆ ಹೊರಗಿನ ಒಂದೆರಡು ಅಂಗುಲ ಗಟ್ಟಿಯಾಗಿಯೇ ಉಳಿದು, ತಿರುಳು ಪೂರಾ ಪೊಳ್ಳಾಗಿರಬಹುದು. ಮೇಲೆ ಬಿಳಿ ಬಣ್ಣ ಹೊಳೆಯುತ್ತಿರುತ್ತದೆ. ಆದ್ದರಿಂದ ಪರೀಕ್ಷೆ ಮಾಡುವವರು ಕಣ್ಣನ್ನಷ್ಟೇ ನಂಬುವುದಿಲ್ಲ. ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಮರ ಚುರುಕಾಗಿ ಮರುದನಿ ಕೊಡುತ್ತದೆ, ಪೊಳ್ಳು ಮರದ ಸದ್ದು ಮಂಕಾಗಿರುತ್ತದೆ. ಸಂಶಯ ಬಂದ ಕಡೆ ಸಣ್ಣ ಬೈರಿಗೆಯಿಂದ ಕೊರೆದು, ಹೊರಬರುವ ಪುಡಿಯ ಬಣ್ಣವನ್ನೂ ಬೈರಿಗೆಗೆ ಸಿಗುವ ತಡೆಯನ್ನೂ ನೋಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಆ ರಂಧ್ರವನ್ನು ಮುಚ್ಚಬೇಕು. ಇಲ್ಲದಿದ್ದರೆ ನಾಳಿನ ಕೊಳೆತಕ್ಕೆ ನಾವೇ ಬಾಗಿಲು ತೆರೆದಂತಾಗುತ್ತದೆ.

ಇನ್ನೊಂದು ಗುರುತು ದೂರದಿಂದಲೇ ಕಾಣುತ್ತದೆ. ಟ್ರಸ್‌ಗಳನ್ನು ಕಟ್ಟುವಾಗ ನಡುವೆ ತುಸು ಮೇಲಕ್ಕೆ ಉಬ್ಬಿರುವಂತೆ ಕಟ್ಟುತ್ತಾರೆ. ಆ ಉಬ್ಬು ಮಾಯವಾಗಿ ಸೇತುವೆ ಮಟ್ಟವಾಗಿ, ಆಮೇಲೆ ಜೋತಂತೆ ಕಂಡರೆ ಒಳಗೆ ಯಾವುದೋ ಕೀಲು ಸೋತಿದೆ ಎಂದರ್ಥ.

2006ರಲ್ಲಿ ಸೇತುವೆಯನ್ನು ಮುಚ್ಚಿದ್ದು ಏಕೆ?

ಮರ ಕೊಳೆತು, ವಾಹನಗಳ ಭಾರ ಹೊರುವ ಸ್ಥಿತಿಯಲ್ಲಿ ಇರಲಿಲ್ಲ. ಆದರೆ ಆ ಸ್ಥಿತಿ ಒಂದು ವರ್ಷದಲ್ಲಿ ಬಂದದ್ದಲ್ಲ. ಒಂದೊಂದು ತೊಲೆ ಬದಲಿಸುವ ಅಲನ್ ಅವರ ಉಪಾಯ ನಡೆಯುವುದು ಪಕ್ಕದ ತೊಲೆ ಗಟ್ಟಿಯಾಗಿದ್ದಾಗ ಮಾತ್ರ. ಜೋಡಿಯ ಎರಡೂ ಸೋಲುವವರೆಗೆ ಬಿಟ್ಟರೆ ಆ ಉಪಾಯಕ್ಕೆ ಅರ್ಥವಿಲ್ಲ.

ಹಳ್ಳಿಗೆ ಆ ವರ್ಷ ಎರಡು ಪೆಟ್ಟು ಬಿದ್ದವು. ಸೇತುವೆಯೂ ಮುಚ್ಚಿತು, ತಾರ್ವಾದ ಪುಟ್ಟ ಪ್ರಾಥಮಿಕ ಶಾಲೆಯೂ ಮುಚ್ಚಿತು. ನಗರಕ್ಕೆ ಹೋಗಲು ಪಾಯಿಂಟ್ ಹಟ್ ಎಂಬಲ್ಲಿ ನದಿ ದಾಟಿ ಸುತ್ತುಬಳಸಿ ಹೋಗಬೇಕಾಯಿತು. ಅದು ನೀರಿನ ಮಟ್ಟಕ್ಕೆ ಹತ್ತಿರವಿರುವ ತಗ್ಗಿನ ದಾರಿ. ನದಿ ಏರಿದರೆ ಅದೂ ಮುಳುಗುತ್ತದೆ. 1895ಕ್ಕೆ ಹಿಂದಿನ ಕಷ್ಟವನ್ನು ಹಳ್ಳಿಯವರು ಮತ್ತೆ ಕಂಡರು.

ಪಕ್ಕದಲ್ಲಿ ಹೊಸ ಕಾಂಕ್ರೀಟ್ ಸೇತುವೆ ಕಟ್ಟುವ ಯೋಜನೆ ಬಂದಿತು. ಹಳೆಯದನ್ನೇ ಸರಿಪಡಿಸಿ ಎಂಬ ಒತ್ತಾಯವೂ ಬಲವಾಗಿತ್ತು. ಕೊನೆಗೆ ಕಾಂಕ್ರೀಟ್ ಯೋಜನೆಯನ್ನು ಕೈಬಿಡಲಾಯಿತು. 2008ರಲ್ಲಿ ತಾತ್ಕಾಲಿಕ ಆಧಾರ ಕೊಟ್ಟು ಲಘು ವಾಹನಗಳಿಗೆ ಬಿಟ್ಟರು. ಟ್ರಸ್‌ಗಳನ್ನು ಹಂತಹಂತವಾಗಿ ಮತ್ತೆ ಕಟ್ಟಿ, 2011ರಲ್ಲಿ ಸೇತುವೆ ಪೂರ್ತಿಯಾಗಿ ತೆರೆಯಿತು.

ಅಷ್ಟು ದೊಡ್ಡ ಕೆಲಸ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಬೇಕಿತ್ತು ಎಂಬುದೇ ನನ್ನ ಉತ್ತರ. ಆದರೆ ಪ್ರತಿ ವರ್ಷ ಸುತ್ತಿಗೆ, ಬೈರಿಗೆ, ಬಣ್ಣದ ಡಬ್ಬಿ ಹಿಡಿದು ನಾಲ್ಕು ಜನ ಬಂದು ಹೋಗಿದ್ದರೆ ಅಷ್ಟು ದೊಡ್ಡದಾಗುತ್ತಿರಲಿಲ್ಲ.

ಇಷ್ಟೆಲ್ಲ ಮರ ಬದಲಿಸಿದ ಮೇಲೆ ಅದು ಹಳೆಯ ಸೇತುವೆ ಹೇಗಾಗುತ್ತದೆ?

ಇದು ನ್ಯಾಯವಾದ ಪ್ರಶ್ನೆ. ಕಲ್ಲಿನ ದೇವಾಲಯಕ್ಕೆ ಅನ್ವಯಿಸುವ ಅಳತೆ ಇಲ್ಲಿ ಹೊಂದುವುದಿಲ್ಲ ಎಂದು ನನಗನಿಸುತ್ತದೆ. ಶಿಲ್ಪಿ ಕಲ್ಲನ್ನು ಕೆತ್ತುವಾಗ ಅದೇ ಕಲ್ಲು ಉಳಿಯಬೇಕೆಂದು ಕೆತ್ತುತ್ತಾನೆ. ಅಲನ್ ತೊಲೆಯನ್ನು ಇಡುವಾಗಲೇ ಅದನ್ನು ತೆಗೆಯುವ ದಾರಿಯನ್ನೂ ಇಟ್ಟಿದ್ದರು. ಹೊಸ ತೊಲೆ ಅವರ ವಿನ್ಯಾಸಕ್ಕೆ ಆದ ಭಂಗವಲ್ಲ, ಅದು ವಿನ್ಯಾಸವೇ ನಿರೀಕ್ಷಿಸಿದ ಘಟನೆ. ಅದೇ ಜಾಗ, ಅದೇ ಅಂಕಣ, ಅದೇ ಜೋಡಣೆ, ಅದೇ ಕೆಲಸ.

ನಾನು ಒಪ್ಪದಿರುವುದು ಒಂದನ್ನೇ. ಹೊರಗೆ ಮರದ ತೋರಿಕೆ ಉಳಿಸಿ, ಭಾರವನ್ನೆಲ್ಲ ಒಳಗೆ ಬಚ್ಚಿಟ್ಟ ಉಕ್ಕಿನ ಮೇಲೆ ಹಾಕಿದರೆ ಆ ಟ್ರಸ್ ಅಲಂಕಾರವಾಗಿಬಿಡುತ್ತದೆ. ಕೆಲವು ಕಡೆ ಭಾರದ ಲಾರಿಗಳಿಗಾಗಿ ಬಲಪಡಿಸುವುದು ಅನಿವಾರ್ಯ ಎಂದು ಬಲ್ಲೆ. ಆದರೂ ತೊಲೆ ಭಾರ ಹೊರುತ್ತಲೇ ಇರಬೇಕು.

ಇದೇ ಕಾಲದ ಬೇರೆ ಸೇತುವೆಗಳಿಗೆ ಏನಾಯಿತು?

ಒಂದರ ಕಥೆ ಹೇಳಲೇಬೇಕು. ಇದೇ ಮರಂಬಿಜಿ ನದಿಯ ಮೇಲೆ, ತುಂಬ ಕೆಳಗೆ, ವಾಗಾ ವಾಗಾ ಪಟ್ಟಣದಲ್ಲಿ ಹ್ಯಾಂಪ್ಡನ್ ಸೇತುವೆ ಇತ್ತು. ತಾರ್ವಾ ತೆರೆದ 1895ರಲ್ಲೇ ಅದೂ ತೆರೆಯಿತು. ವಿನ್ಯಾಸ ಅಲನ್ ಅವರದೇ. ಒಂದೇ ನದಿ, ಒಂದೇ ವರ್ಷ, ಒಬ್ಬನೇ ಎಂಜಿನಿಯರ್. ಹ್ಯಾಂಪ್ಡನ್‌ನ ಅಂಕಣಗಳು ತಾರ್ವಾದವುಗಳಿಗಿಂತ ಉದ್ದ, ಒಂದೊಂದೂ 110 ಅಡಿ. ನೂರು ವರ್ಷ ದುಡಿದ ಅದನ್ನು 1995ರಲ್ಲಿ ಪಕ್ಕದಲ್ಲಿ ಹೊಸ ಸೇತುವೆ ಬಂದ ಮೇಲೆ ವಾಹನಗಳಿಗೆ ಮುಚ್ಚಿದರು. 2006ರಲ್ಲಿ ಅದರ ಒಂದು ಭಾಗ ಕುಸಿಯಿತು, 2014ರಲ್ಲಿ ಕೆಡವಿದರು.

ತಾರ್ವಾಕ್ಕೂ ಹ್ಯಾಂಪ್ಡನ್‌ಗೂ ಮರದಲ್ಲಿ ವ್ಯತ್ಯಾಸವಿರಲಿಲ್ಲ. ಒಂದು ಕೆಲಸದಲ್ಲಿ ಉಳಿಯಿತು, ಇನ್ನೊಂದಕ್ಕೆ ಕೆಲಸ ತಪ್ಪಿತು. ರಸ್ತೆಯ ಭಾಗವಾಗಿರುವವರೆಗೆ ಸೇತುವೆಗೆ ದುರಸ್ತಿಯ ಹಣ ಕೇಳುವವರಿರುತ್ತಾರೆ. ನೋಡುವ ವಸ್ತುವಾದ ದಿನದಿಂದ ಆ ದನಿ ಕುಗ್ಗುತ್ತದೆ.

ಕಾಡ್ಗಿಚ್ಚಿನ ಭಯವಿಲ್ಲವೇ?

ಇದೆ. ಸಿಡ್ನಿಯ ಲೇನ್ ಕೋವ್ ನದಿಯ ಮೇಲಿದ್ದ ಡಿ ಬರ್ಗ್ ಸೇತುವೆ 1994ರ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು. 2020ರ ಆರಂಭದಲ್ಲಿ ಒರೋರಲ್ ಕಣಿವೆಯ ಬೆಂಕಿ ತಾರ್ವಾದ ಸುತ್ತಲಿನ ಬೆಟ್ಟಗಳನ್ನು ಆವರಿಸಿದಾಗ ಸೇತುವೆಯ ಬಗ್ಗೆ ಆತಂಕಪಟ್ಟವರಲ್ಲಿ ನಾನೂ ಒಬ್ಬ. ಸೇತುವೆ ಉಳಿಯಿತು. ದಪ್ಪ ಗಟ್ಟಿಮರ ಬೇಗ ಹತ್ತಿಕೊಳ್ಳುವುದಿಲ್ಲ, ಹೊರಪದರ ಇದ್ದಿಲಾಗಿ ಒಳಗಿನದನ್ನು ಸ್ವಲ್ಪ ಕಾಲ ಕಾಯುತ್ತದೆ. ಅಪಾಯ ಬರುವುದು ಸಂದುಗಳಲ್ಲಿ ಸೇರಿದ ಒಣ ಎಲೆ, ಕಸ, ಕಂಬದ ಬುಡದ ಹುಲ್ಲಿನಿಂದ. ಅವನ್ನು ಗುಡಿಸಿಡುವುದೇ ಮುಖ್ಯ ರಕ್ಷಣೆ.

ಇಂತಹ ಇನ್ನೂ ಯಾವ ಸೇತುವೆಗಳನ್ನು ನೋಡಬಹುದು?

ಕ್ಲಾರೆನ್ಸ್ ಟೌನ್‌ನಲ್ಲಿ 1880ರದ್ದು, ಮಂಕರೈಯಲ್ಲಿ 1882ರದ್ದು. ಮೊದಲ ಬಗೆಯ ಟ್ರಸ್‌ಗಳಲ್ಲಿ ಉಳಿದಿರುವುದು ಈ ಎರಡೇ. ಲಿತ್‌ಗೋ ಬಳಿಯ ಮೆಕೇನ್ಸ್ ಸೇತುವೆ 1893ರ ಮೆಕ್‌ಡೊನಾಲ್ಡ್ ಟ್ರಸ್. ಅಲನ್ ಬಗೆಯಲ್ಲಿ ಪಿಕ್ಟನ್‌ನ ವಿಕ್ಟೋರಿಯಾ ಸೇತುವೆ (1897), ಸೊಫಾಲಾ ಹತ್ತಿರದ ವಾಲಬಿ ರಾಕ್ಸ್ (1897), ಮಾರ್ಪೆತ್ (1898) ನೋಡಲು ಯೋಗ್ಯ. ನ್ಯೂ ಸೌತ್ ವೇಲ್ಸ್‌ನ ರಸ್ತೆ ಇಲಾಖೆ 2012ರಲ್ಲಿ ತನ್ನ ಕೈಯಲ್ಲಿದ್ದ 48 ಮರದ ಟ್ರಸ್ ಸೇತುವೆಗಳಲ್ಲಿ 26ನ್ನು ಉಳಿಸಿಕೊಳ್ಳುವ ನೀತಿ ರೂಪಿಸಿತು. ಆದ್ದರಿಂದ ಹೋಗುವ ಮೊದಲು ಆ ಸೇತುವೆ ಇನ್ನೂ ಇದೆಯೇ ಎಂದು ವಿಚಾರಿಸಿಕೊಳ್ಳಿ.

ತಾರ್ವಾ ಸೇತುವೆಯ ಮೇಲೆ ಕಾರಿನಲ್ಲಿ ಹೋಗಬಹುದೇ?

ಹೋಗಬಹುದು. ಒಂದೇ ಸಾಲಿನ ದಾರಿ, ಎದುರಿನಿಂದ ವಾಹನ ಬರುತ್ತಿದ್ದರೆ ಕಾಯಬೇಕು. ತೂಕದ ಮಿತಿಯ ಫಲಕವನ್ನು ಓದಿ ಪಾಲಿಸಿ. ಅಲ್ಲಿಗೆ ತಲುಪಲು ಸ್ವಂತ ವಾಹನವೋ ಸೈಕಲ್ಲೋ ಬೇಕು.

ಹೋದರೆ ಏನನ್ನು ನೋಡಬೇಕು?

ವಾಹನವನ್ನು ರಸ್ತೆಯಿಂದ ದೂರ ನಿಲ್ಲಿಸಿ ನದಿಯ ದಡಕ್ಕೆ ಇಳಿಯಿರಿ. ಮೇಲಿನಿಂದ ಕಾಣುವುದು ಬಿಳಿಯ ಬೇಲಿಯಂತಹ ಚೌಕಟ್ಟು ಮಾತ್ರ. ಕೆಳಗಿನಿಂದ ನೋಡಿದಾಗ ಅಡ್ಡತೊಲೆಗಳು ಕೆಳತೊಲೆಗೆ ತೂಗಿರುವ ಬಗೆ, ಜೋಡಿ ತೊಲೆಗಳ ನಡುವಿನ ತೆರವಿನಲ್ಲಿ ಆಕಾಶದ ಗೆರೆ ಕಾಣುತ್ತದೆ. ಒಂದು ಕಾರು ದಾಟುವವರೆಗೆ ಕಾದು ನಿಲ್ಲಿ. ಸದ್ದು ಒಂದು ದಡದಿಂದ ಇನ್ನೊಂದಕ್ಕೆ ಸಾಗುವುದನ್ನು ಕೇಳಬಹುದು.

ಆಮೇಲೆ ಮೇಲೆ ಬಂದು, ವಾಹನವಿಲ್ಲದ ಹೊತ್ತಿನಲ್ಲಿ, ನೆಟ್ಟನೆಯ ಸರಳುಗಳ ತುದಿಯನ್ನು ನೋಡಿ. ಮರ ಒಣಗಿ ಕುಗ್ಗಿದಾಗ ಟ್ರಸ್ ಸಡಿಲವಾಗುತ್ತದೆ, ಆಗ ಆ ತುದಿಯ ನಟ್ಟುಗಳನ್ನು ಬಿಗಿಯುತ್ತಾರೆ. ನಟ್ಟಿನಿಂದ ಆಚೆ ಚಾಚಿಕೊಂಡಿರುವ ತಿರುಪಿನ ಸುತ್ತುಗಳು ಕಾಣುತ್ತವೆ. ಪ್ರತಿಯೊಂದು ಸರಳಿನಲ್ಲೂ ಅದರ ಉದ್ದ ಒಂದೇ ಆಗಿದೆಯೇ ಎಂದು ಹೋಲಿಸಿ ನೋಡಿ.